ತೆನೆಯ ಕೇಡು, ತಲೆಯ ಮದ್ದು

ಅರೆತಲೆನೋವು ಹೊಸ ಕಾಲದ ವ್ಯಾಧಿಯಲ್ಲ. ತಲೆಯ ಒಂದು ಪಕ್ಕವನ್ನೇ ಹಿಡಿದು, ಕಿವಿಗೂ ಹುಬ್ಬಿಗೂ ನಡುವಣ ಕಣತಲೆಯಲ್ಲಿ ಮಿಡಿದು ಮಿಡಿದು ಬಡಿಯುತ್ತ, ಬೆಳಕನ್ನೂ ಸದ್ದನ್ನೂ ವಾಸನೆಯನ್ನೂ ಸಹಿಸಲಾಗದಂತೆ ಮಾಡಿ, ಓಕರಿಕೆಯನ್ನು ತಂದು, ಕೊನೆಗೆ ವಾಂತಿಯಾಗಿಯೋ ನಿದ್ದೆ ಹತ್ತಿಯೋ ಇಳಿಯುವ ಈ ಬೇನೆಯನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿಯೂ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ ಇದು ಅರ್ಧಾವಭೇದಕವೆಂಬ ಹೆಸರಿನಿಂದ ವರ್ಣಿತವಾಗಿರುವುದು. ಕತ್ತು, ಹುಬ್ಬು, ಕಣತಲೆ, ಕಿವಿ, ಕಣ್ಣು, ಹಣೆ ಇವುಗಳ ಅರ್ಧಭಾಗದಲ್ಲಿ ಶಸ್ತ್ರದಿಂದ ಕಡಿದಂತೆಯೂ ಅರಣಿಯಿಂದ ಕಡೆದಂತೆಯೂ ನೋವುಂಟಾಗುವುದೆಂದು ಚರಕಸಂಹಿತೆ ಹೇಳುವುದು. ಹತ್ತು ದಿನಕ್ಕೋ ಪಕ್ಷಕ್ಕೋ ಒಮ್ಮೆ, ಇಲ್ಲವೆ ಆಕಸ್ಮಿಕವಾಗಿ ಅದು ಎರಗುವುದೆಂದು ಸುಶ್ರುತಸಂಹಿತೆ ಗುರುತಿಸುವುದು. ಗ್ರೀಕ್ ವೈದ್ಯನಾದ ಗೇಲೆನ್ ಇದನ್ನು ಹೆಮಿಕ್ರೇನಿಯಾ ಎಂದು ಕರೆದನು. ಅರೆ ತಲೆಬುರುಡೆ ಎಂಬುದೇ ಆ ಮಾತಿನ ಅರ್ಥ. ಅದು ಲ್ಯಾಟಿನ್ ಫ್ರೆಂಚ್ ನುಡಿಗಳಲ್ಲಿ ಸವೆದು ಮೈಗ್ರೇನ್ ಆಯಿತು. ಹೀಗೆ ಸಂಸ್ಕೃತ, ಗ್ರೀಕ್, ಕನ್ನಡ ಮೂರು ನುಡಿಗಳವರೂ ಒಂದೇ ಲಕ್ಷಣವನ್ನು ಹಿಡಿದು ಈ ವ್ಯಾಧಿಗೆ ಹೆಸರಿಟ್ಟರು.

ಹೆಸರಿಡುವುದು ಸುಲಭವಾಯಿತು, ನಿವಾರಿಸುವುದು ಸುಲಭವಾಗಲಿಲ್ಲ. ಸುಂಠಿಯನ್ನು ತೇದು ಹಣೆಗೆ ಪಟ್ಟು ಹಾಕುವುದು, ಬಟ್ಟೆಯನ್ನು ತಲೆಗೆ ಬಿಗಿದು ಕಟ್ಟುವುದು, ಕಣತಲೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯುವುದು, ಬಾಗಿಲು ಕಿಟಕಿಗಳನ್ನು ಮುಚ್ಚಿ ಕತ್ತಲೆಯಲ್ಲಿ ಮಲಗುವುದು, ಇವು ಮನೆಮನೆಯಲ್ಲಿ ನಡೆದುಬಂದ ಉಪಚಾರಗಳು. ಇವುಗಳಿಂದ ಕೊಂಚ ಸಮಾಧಾನ ದೊರೆಯುತ್ತಿದ್ದಿತಲ್ಲದೆ, ಏರುತ್ತಿರುವ ನೋವನ್ನು ನಡುವಿನಲ್ಲಿಯೇ ತಡೆದು ನಿಲ್ಲಿಸುವ ಶಕ್ತಿ ಇವುಗಳಿಗಿರಲಿಲ್ಲ. ಅಂತಹ ಶಕ್ತಿಯುಳ್ಳದ್ದೆಂದು ಆಧುನಿಕ ವೈದ್ಯರು ಪರೀಕ್ಷಿಸಿ ಒಪ್ಪಿದ ಮೊದಲನೆಯ ಮದ್ದು ಬಂದುದು ಮೂಲಿಕೆಯ ತೋಟದಿಂದಲ್ಲ, ಕೆಟ್ಟುಹೋದ ಪೈರಿನ ತೆನೆಯಿಂದ. ಆದಕಾರಣ ಅದರ ಚರಿತ್ರೆಯನ್ನು ಅರಿಯಬೇಕೆನ್ನುವವರು ಆಸ್ಪತ್ರೆಯಿಂದಲ್ಲ, ಹೊಲಗದ್ದೆಯಿಂದ ಹೊರಡಬೇಕಾಗುವುದು. ಮಂಡ್ಯ ಸೀಮೆಯವರಿಗೆ ಅದಕ್ಕೆ ದೂರ ಹೋಗಬೇಕಾದುದಿಲ್ಲ. ತೆನೆಯ ಕೇಡನ್ನು ನೋಡುವುದೇ ನಿತ್ಯದ ಕೆಲಸವಾಗಿರುವ ಒಂದು ಸ್ಥಳ ಪಕ್ಕದಲ್ಲಿಯೇ ಇರುವುದು.

ಮಂಡ್ಯ ಪಟ್ಟಣದ ಸಮೀಪದಲ್ಲಿರುವ ವಿ.ಸಿ. ಫಾರಂ ಹುಟ್ಟಿದುದು ನಾಲೆಯ ನೀರಿನೊಡನೆ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮುಗಿಯುತ್ತ ಬಂದಂತೆ, ಅಲ್ಲಿಯ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ಹರಿಸಲು ತೋಡಿದ ಕಾಲುವೆಗೆ ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆ ಎಂಬ ನಾಮಕರಣವಾಯಿತು. ಅದೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಮಳೆಯನ್ನೇ ನಂಬಿ ರಾಗಿ ಹುರುಳಿ ಬೆಳೆಯುತ್ತಿದ್ದ ರೈತನಿಗೆ ನೀರಾವರಿಯ ಬತ್ತವೂ ಕಬ್ಬೂ ಒಮ್ಮೆಗೇ ಎದುರಾದುದರಿಂದ, ಯಾವ ಬೀಜ, ಎಷ್ಟು ನೀರು, ಎಷ್ಟು ಗೊಬ್ಬರ, ಯಾವ ರೋಗಕ್ಕೆ ಯಾವ ಪ್ರತೀಕಾರ ಎಂಬುದನ್ನು ಪ್ರಯೋಗ ಮಾಡಿ ತೋರಿಸುವ ಸ್ಥಾನವೊಂದು ಅಗತ್ಯವಾಯಿತು. ೧೯೩೦ರ ದಶಕದ ಮೊದಲಲ್ಲಿ ಏರ್ಪಟ್ಟ ಈ ಫಾರಂ ಆ ಅಗತ್ಯವನ್ನು ಪೂರೈಸಿತು. ಅದೇ ಕಾಲದಲ್ಲಿ, ೧೯೩೩ರಲ್ಲಿ, ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಮುಂದೆ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದುದು ಇಲ್ಲಿಯೇ, ಕೆ.ಆರ್.ಎಚ್. ೨ ಎಂಬ ಬತ್ತದ ಮಿಶ್ರತಳಿ ೧೯೯೦ರ ದಶಕದಲ್ಲಿ ಹೊರಬಂದುದೂ ಇಲ್ಲಿಂದಲೇ. ೧೯೯೧ರಲ್ಲಿ ಇಲ್ಲಿ ಕೃಷಿ ಮಹಾವಿದ್ಯಾಲಯವೂ ಆರಂಭವಾಯಿತು.

ಆ ಕಾಲದ ಮೈಸೂರಿನ ಕೃಷಿ ಇಲಾಖೆಗೆ ಒಂದು ರೂಪವನ್ನು ಕೊಟ್ಟ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮೂಲತಃ ಬೂಷ್ಟುಗಳ ಶಾಸ್ತ್ರವನ್ನು ಬಲ್ಲವರು. ಕೆನಡಾ ದೇಶದವರಾದ ಅವರು ೧೯೦೮ರಲ್ಲಿ ಸಂಸ್ಥಾನದ ಬೂಷ್ಟು ಹಾಗೂ ಕೀಟಗಳ ಶಾಸ್ತ್ರಜ್ಞರಾಗಿ ಬಂದು, ಮಲೆನಾಡಿನ ಅಡಕೆಯನ್ನು ನಾಶಮಾಡುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಎರಚುವ ಕ್ರಮವನ್ನು ರೂಢಿಗೆ ತಂದರು. ಮುಂದೆ ಇಲಾಖೆಯ ನಿರ್ದೇಶಕರಾಗಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೂ ದುಡಿದರು. ಕೆಟ್ಟ ಕಾಯಿಯನ್ನು ಕಂಡೊಡನೆ ದೈವವನ್ನು ದೂರದೆ, ಅದನ್ನು ಸೀಳಿ ನೋಡಿ, ಕಾರಣವನ್ನು ಹುಡುಕಿ, ಅಳತೆಯಿಟ್ಟು ಪ್ರತೀಕಾರ ಮಾಡಿ, ಫಲವನ್ನು ಬರೆದಿಡುವ ಈ ಅಭ್ಯಾಸವೇ ಮೈಸೂರಿನ ಕೃಷಿಸಂಶೋಧನೆಯ ತಳಹದಿ. ಅರೆತಲೆನೋವಿನ ಮದ್ದು ಯೂರೋಪಿನಲ್ಲಿ ದೊರೆತುದೂ ಇದೇ ಅಭ್ಯಾಸದಿಂದ.

ಬತ್ತದ ಗದ್ದೆಯಲ್ಲಿ ಆ ಮದ್ದಿನ ಮೂಲವಾದ ಬೂಷ್ಟಿನ ನೆಂಟರೇ ಕಾಣಸಿಗುವರು. ಮಲೆನಾಡಿನ ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ರೋಗದಲ್ಲಿ ತೆನೆಯು ಬಿಡಿಸಿಕೊಳ್ಳದೆ, ಕಾಳು ಕಟ್ಟದೆ, ಬೂದುಬಣ್ಣದ ಒಂದೇ ಕಡ್ಡಿಯಂತೆ ನೆಟ್ಟಗೆ ಹೊರಬರುವುದು. ಅದನ್ನು ನೋಡಿದ ರೈತರು ಊದುಬತ್ತಿಯ ರೋಗವೆಂದರು; ಆ ಮಾತೇ ಲೋಕದ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲೆಲ್ಲ ಉದ್‌ಬತ್ತ ಎಂದು ಸೇರಿಹೋಗಿದೆ. ೧೯೧೪ರಲ್ಲಿ ಸೈಡೋ ಎಂಬ ಜರ್ಮನ್ ವಿದ್ವಾಂಸನು ಅದರ ಬೂಷ್ಟಿಗೆ ಎಫೆಲಿಸ್ ಒರೈಜೆ ಎಂದು ಶಾಸ್ತ್ರೀಯವಾದ ಹೆಸರನ್ನು ಕೊಟ್ಟನು. ಬಿತ್ತುವ ಮುನ್ನ ಬೀಜವನ್ನು ೫೪ ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಹತ್ತು ನಿಮಿಷ ಇಡುವುದು ಇದಕ್ಕೆ ಪ್ರತೀಕಾರ. ಬಿಸಿ ಹೆಚ್ಚಿದರೆ ಬೀಜ ಸಾಯುವುದು, ಕಡಮೆಯಾದರೆ ಬೂಷ್ಟು ಬದುಕುವುದು. ನಾಲೆಯ ಬಯಲಿನ ಬತ್ತದಲ್ಲಿಯೂ ಕೆಲವು ಕಾಳುಗಳು ಹಳದಿ ಹಸಿರು ಬಣ್ಣದ ಮಕಮಲ್ಲಿನಂತಹ ಉಂಡೆಗಳಾಗುವುದುಂಟು. ಅದು ಹುಲುಸಾದ ಬೆಳೆಯ ಗುರುತೆಂದು ಭಾವಿಸಿ ದಕ್ಷಿಣದೇಶದ ಕೆಲವೆಡೆ ಲಕ್ಷ್ಮಿಯ ಹೆಸರನ್ನೇ ಆ ರೋಗಕ್ಕೆ ಇಟ್ಟಿರುವರು. ಹೂವಿನ ಹೊತ್ತಿಗೆ ತೆನೆಯನ್ನು ಹಿಡಿಯುವ ಈ ಬಳಗದಲ್ಲಿಯೇ ಅತ್ಯಂತ ಪ್ರಸಿದ್ಧವಾದುದು, ಮತ್ತು ಮನುಷ್ಯನಿಗೆ ಅತಿ ಹೆಚ್ಚಿನ ಕೇಡನ್ನೂ ಉಪಕಾರವನ್ನೂ ಮಾಡಿರುವುದು, ರೈ ಧಾನ್ಯದ ಅರ್ಗಟ್.

ರೈ ಎಂಬುದು ಗೋಧಿಯ ನೆಂಟನಾದ ಧಾನ್ಯ. ಮೈಸೂರು ಸೀಮೆಯಲ್ಲಿ ರಾಗಿಗೆ ಇರುವ ಸ್ಥಾನವೇ ಯೂರೋಪಿನ ಚಳಿನಾಡುಗಳ ಬಡವರಲ್ಲಿ ಅದಕ್ಕೆ ಇದ್ದಿತು. ತೇವದ ವರ್ಷಗಳಲ್ಲಿ ಅದರ ಹೂವಿನೊಳಗೆ ಒಂದು ಬೂಷ್ಟು ಹೊಕ್ಕು, ಮೊದಲು ಜೇನಿನಂತಹ ಅಂಟುರಸವನ್ನು ಸುರಿಸುವುದು. ಆ ರಸಕ್ಕೆ ಎರಗಿದ ನೊಣಗಳು ಬೂಷ್ಟಿನ ಬೀಜಾಣುಗಳನ್ನು ಹೂವಿನಿಂದ ಹೂವಿಗೆ ಒಯ್ಯುವುವು. ಬಳಿಕ ಕಾಳು ಇರಬೇಕಾದ ಎಡೆಯಲ್ಲಿ ಕಪ್ಪುನೇರಿಳೆ ಬಣ್ಣದ ಗಟ್ಟಿಯಾದ ಕೊಂಬೊಂದು ಬೆಳೆದು ತೆನೆಯಿಂದ ಹೊರಕ್ಕೆ ಚಾಚುವುದು. ಹುಂಜದ ಕಾಲಿನ ಮುಳ್ಳನ್ನು ಹೋಲುವುದರಿಂದ ಫ್ರೆಂಚರು ಅದನ್ನು ಅರ್ಗಟ್ ಎಂದರು. ಒಕ್ಕುವಾಗ ಆ ಕೊಂಬುಗಳನ್ನು ಆರಿಸಿ ತೆಗೆಯದಿದ್ದರೆ ಕಾಳಿನೊಡನೆ ಅವೂ ಬೀಸುವ ಕಲ್ಲಿಗೆ ಹೋಗುವುವು.

ಹಾಗೆ ಬೀಸಿದ ಹಿಟ್ಟಿನ ರೊಟ್ಟಿಯನ್ನು ತಿಂದವರ ಕೈಕಾಲುಗಳು ಮೊದಲು ಬೆಂಕಿಯಲ್ಲಿ ಬೆಂದಂತೆ ಉರಿದು, ಆಮೇಲೆ ತಣ್ಣಗಾಗಿ, ಕರಿದಾಗಿ ಒಣಗಿ, ಕೆಲವರಿಗೆ ರಕ್ತ ಬಾರದೆಯೇ ಕಳಚಿ ಬೀಳುತ್ತಿದ್ದುವು. ಇನ್ನು ಕೆಲವರಿಗೆ ಸೆಳೆವೂ ಚಿತ್ತಭ್ರಮೆಯೂ ಉಂಟಾಗುತ್ತಿದ್ದುವು. ೮೫೭ರಲ್ಲಿ ರೈನ್ ನದಿಯ ಪ್ರಾಂತದಲ್ಲಿ ಇಂತಹ ಉಪದ್ರವ ಉಂಟಾಯಿತೆಂದು ಕ್ಸಾಂಟೆನ್ ಎಂಬ ಊರಿನ ವಾರ್ಷಿಕ ದಾಖಲೆಯಿಂದ ತಿಳಿದುಬರುವುದು. ಜನರು ಇದನ್ನು ಸಂತ ಆಂಟನಿಯ ಬೆಂಕಿಯೆಂದು ಕರೆದು ಆ ಸಂತನಿಗೆ ಹರಕೆ ಹೊತ್ತರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಆಂಟನಿಯ ಪಂಥದವರು ಇಂತಹ ರೋಗಿಗಳಿಗಾಗಿಯೇ ಧರ್ಮಾಸ್ಪತ್ರೆಗಳನ್ನು ನಡೆಸಿದರು. ಅಲ್ಲಿಗೆ ಹೋದವರಲ್ಲಿ ಹಲವರಿಗೆ ಗುಣವಾಗುತ್ತಿದ್ದುದಕ್ಕೆ ಊರಿನ ಕೆಟ್ಟ ರೊಟ್ಟಿ ತಪ್ಪಿದುದೂ ಒಂದು ಕಾರಣವಿರಬೇಕೆಂದು ಚರಿತ್ರಕಾರರು ಊಹಿಸುವರು. ರೋಗಕ್ಕೆ ಮೂಲ ಹಿಟ್ಟಿನಲ್ಲಿರುವ ಅರ್ಗಟ್ ಎಂಬುದನ್ನು ಫ್ರಾನ್ಸಿನ ವಿಜ್ಞಾನ ಪರಿಷತ್ತಿಗೆ ದೋದಾರ್ ಎಂಬಾತನು ತಿಳಿಸಿದುದು ೧೬೭೬ರಲ್ಲಿ. ಆ ಕೊಂಬು ಕೆಟ್ಟ ಕಾಳಲ್ಲ, ಬೇರೊಂದು ಜೀವಿಯೆಂದು ತೋರಿಸಿ, ಅದರ ಜೀವನಚಕ್ರವನ್ನು ತುಲಾನ್ ಎಂಬ ಸಸ್ಯಶಾಸ್ತ್ರಜ್ಞನು ಪೂರ್ಣವಾಗಿ ಬಿಡಿಸಿದುದು ೧೮೫೩ರಲ್ಲಿ. ರೋಗದ ಮೊದಲನೆಯ ದಾಖಲೆಯಿಂದ ಅದರ ಕಾರಣದ ಪೂರ್ಣವಾದ ತಿಳಿವಳಿಕೆಗೆ ಸುಮಾರು ಸಾವಿರ ವರ್ಷ ಹಿಡಿಯಿತು.

ಈ ನಡುವೆ ಹಳ್ಳಿಯ ಸೂಲಗಿತ್ತಿಯರು ಅದೇ ಕೊಂಬಿನ ಇನ್ನೊಂದು ಗುಣವನ್ನು ಕಂಡುಕೊಂಡಿದ್ದರು. ಕೆಲವೇ ಕೊಂಬುಗಳನ್ನು ಕೊಟ್ಟರೆ ಗರ್ಭಕೋಶವು ಬಿಗಿಯಾಗಿ ಹಿಡಿಯುವುದೆಂಬ ಈ ವಿಚಾರ ೧೫೮೨ರಲ್ಲಿ ಜರ್ಮನಿಯ ಲೋನಿಟ್ಸರ್ ಎಂಬಾತನ ಮೂಲಿಕಾಗ್ರಂಥದಲ್ಲಿ ಅಚ್ಚಾಗಿದೆ. ೧೮೦೮ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಎಂಬ ವೈದ್ಯನು ಇದನ್ನು ಹೆರಿಗೆಯನ್ನು ಬೇಗನೆ ಮಾಡಿಸುವ ಪುಡಿಯೆಂದು ಪ್ರಚಾರಕ್ಕೆ ತಂದನು. ಆದರೆ ಒಂದು ವರ್ಷದ ಕೊಂಬಿನಲ್ಲಿದ್ದ ಸತ್ತ್ವ ಮತ್ತೊಂದು ವರ್ಷದ್ದರಲ್ಲಿ ಇರುತ್ತಿರಲಿಲ್ಲ. ಪುಡಿಯ ತೂಕ ಒಂದೇ ಆದರೂ ಬಲ ಒಂದೇ ಆಗಿರುತ್ತಿರಲಿಲ್ಲ. ತಾಯಿಗೂ ಮಗುವಿಗೂ ಉಂಟಾದ ಅನಾಹುತಗಳನ್ನು ಕಂಡು ೧೮೨೪ರಲ್ಲಿ ಹೋಸಕ್ ಎಂಬ ವೈದ್ಯನು ಇದು ಹೆರಿಗೆಯ ಪುಡಿಯಲ್ಲ, ಸಾವಿನ ಪುಡಿಯೆಂದು ಎಚ್ಚರಿಸಿ, ಹೆತ್ತ ಮೇಲಿನ ರಕ್ತಸ್ರಾವವನ್ನು ತಡೆಯುವುದಕ್ಕೆ ಮಾತ್ರ ಇದನ್ನು ಬಳಸಬೇಕೆಂದನು. ಅಳತೆಯಿಲ್ಲದ ಮದ್ದು ಮದ್ದಾಗಲಾರದೆಂಬ ಪಾಠವನ್ನು ವೈದ್ಯಲೋಕವು ಈ ಪ್ರಸಂಗದಲ್ಲಿ ದುಬಾರಿಯಾದ ಬೆಲೆ ತೆತ್ತು ಕಲಿಯಿತು.

ಅಳತೆ ದೊರೆಯಬೇಕಾದರೆ ಸತ್ತ್ವವನ್ನು ಬೇರ್ಪಡಿಸಬೇಕಾಗಿದ್ದಿತು. ೧೮೭೫ರಲ್ಲಿ ಫ್ರಾನ್ಸಿನ ತಾನ್ರೆ ಎಂಬ ಔಷಧಕಾರನು ಅರ್ಗಟ್ಟಿನಿಂದ ಹರಳಾದ ವಸ್ತುವೊಂದನ್ನು ತೆಗೆದನು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನಲ್ಲಿ ಬಾರ್ಜರ್, ಕಾರ್ ಮತ್ತು ಡೇಲ್ ಅವರು ಅದರ ಸತ್ತ್ವಗಳನ್ನೂ ಅವು ದೇಹದಲ್ಲಿ ಮಾಡುವ ಕೆಲಸವನ್ನೂ ಪರಿಶೋಧಿಸಿದರು. ಕೊನೆಗೆ ೧೯೧೮ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪೆನಿಯಲ್ಲಿ ಆರ್ಥರ್ ಸ್ಟೋಲ್ ಎಂಬ ರಸಾಯನಶಾಸ್ತ್ರಜ್ಞನು ಅರ್ಗಟಮೀನ್ ಎಂಬ ಶುದ್ಧವಾದ ಸತ್ತ್ವವನ್ನು ಪಡೆದನು. ೧೯೨೧ರಲ್ಲಿ ಅದು ಗೈನರ್ಜೆನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಈಗ ಎಲ್ಲ ವರ್ಷವೂ ಎಲ್ಲ ಸೀಸೆಯೂ ಒಂದೇ ಬಲದ್ದಾಗಿರುವಂತೆ ಮಾಡಬಹುದಾಯಿತು.

ತಲೆನೋವಿಗೆ ಅರ್ಗಟ್ಟನ್ನು ಕೊಡುವ ಯೋಚನೆ ಇದಕ್ಕಿಂತ ಹಿಂದಿನದು. ೧೮೬೮ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ವೋಕ್ಸ್ ಎಂಬ ವೈದ್ಯನು ನರಶೂಲೆಗೆ ಅದನ್ನು ಬಳಸಿ ಬರೆದನು. ೧೮೮೩ರಲ್ಲಿ ಬರ್ಲಿನ್ನಿನ ಯೂಲನ್‌ಬರ್ಗ್ ಅರೆತಲೆನೋವಿಗೆ ಅದರ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟನು. ಶುದ್ಧ ಸತ್ತ್ವ ದೊರೆತ ಮೇಲೆ, ೧೯೨೬ರಲ್ಲಿ ಜ್ಯೂರಿಕ್ ನಗರದ ಮೇಯರ್ ಎಂಬ ವೈದ್ಯನು ಅರ್ಗಟಮೀನಿನಿಂದ ಅರೆತಲೆನೋವು ನಿಲ್ಲುವುದನ್ನು ಪ್ರಕಟಿಸಿದನು. ಅದು ಹೇಗೆ ನಿಲ್ಲುವುದೆಂಬುದನ್ನು ೧೯೩೮ರಲ್ಲಿ ನ್ಯೂಯಾರ್ಕಿನ ಗ್ರಹಾಂ ಮತ್ತು ವುಲ್ಫ್ ಅವರು ಒಂದು ಸರಳವಾದ ಪ್ರಯೋಗದಿಂದ ತೋರಿಸಲೆತ್ನಿಸಿದರು. ನೋವಿನಿಂದ ನರಳುತ್ತಿರುವವನ ಕಣತಲೆಯ ಧಮನಿಯ ಮಿಡಿತವನ್ನು ಯಂತ್ರದಿಂದ ಕಾಗದದ ಮೇಲೆ ಗೆರೆಯಾಗಿ ಬರೆಸಿ, ಅರ್ಗಟಮೀನನ್ನು ಚುಚ್ಚಿದರು. ಗೆರೆಯ ಏರಿಳಿತ ಕುಗ್ಗುತ್ತ ಬಂದಂತೆ ನೋವೂ ಕುಗ್ಗುತ್ತ ಬಂದಿತು. ತಲೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದ, ಕಣತಲೆಯನ್ನು ಅದುಮಿ ಹಿಡಿಯುತ್ತಿದ್ದ ಮನೆಯ ಹಿರಿಯರು ಹೊರಗಿನಿಂದ ಮಾಡುತ್ತಿದ್ದ ಕೆಲಸವನ್ನೇ ಈ ಮದ್ದು ಒಳಗಿನಿಂದ ಮಾಡುವಂತೆ ತೋರಿತು.

ಇಲ್ಲಿ ಈ ಚರಿತ್ರೆಯ ಮುಖ್ಯವಾದ ಸಂಗತಿಯೊಂದು ಬರುವುದು. ಸಂತ ಆಂಟನಿಯ ಬೆಂಕಿಯಲ್ಲಿ ಕೈಕಾಲು ಕರಿದಾದುದು ರಕ್ತನಾಳಗಳು ಬಿಗಿದು ರಕ್ತ ಹರಿಯದೆ ಹೋದುದರಿಂದ. ತಲೆನೋವು ನಿಂತಾಗ ಕಂಡುಬಂದುದೂ ರಕ್ತನಾಳಗಳ ಬಿಗಿತವೇ. ಗುಣ ಒಂದೇ, ಪ್ರಮಾಣ ಬೇರೆ. ಆದಕಾರಣ ಈ ಗುಳಿಗೆಯ ಮಿತಿ ಬಹಳ ಕಟ್ಟುನಿಟ್ಟಾದುದು. ಒಂದು ಸಲದ ನೋವಿಗೆ ಒಟ್ಟು ೬ ಮಿಲಿಗ್ರಾಂ, ವಾರಕ್ಕೆ ಒಟ್ಟು ೧೦ ಮಿಲಿಗ್ರಾಂ ಮೀರಬಾರದೆಂಬುದು ಅದರೊಡನೆ ಬಂದ ಎಚ್ಚರಿಕೆ. ಗರ್ಭಿಣಿಯರಿಗೂ, ಹೃದ್ರೋಗ ಅಥವಾ ರಕ್ತದ ಒತ್ತಡ ಉಳ್ಳವರಿಗೂ ಅದು ಸಲ್ಲದು. ಎರಿತ್ರೊಮೈಸಿನ್ನಿನಂತಹ ಕೆಲವು ಔಷಧಗಳೊಡನೆ ತೆಗೆದುಕೊಂಡರೆ ದೇಹವು ಅದನ್ನು ಕರಗಿಸಲಾರದೆ, ಸಾಧಾರಣ ಪ್ರಮಾಣವೇ ವಿಷಪ್ರಮಾಣವಾಗಿ ಹಳೆಯ ಬೆಂಕಿ ಮತ್ತೆ ಕಾಲಿಗೆ ಹತ್ತಬಹುದು. ಅಲ್ಲದೆ ಪದೇ ಪದೇ ತೆಗೆದುಕೊಳ್ಳುವವರಿಗೆ ಮದ್ದಿನಿಂದಲೇ ತಲೆನೋವು ನಿತ್ಯವಾಗುವುದೆಂಬುದು ೧೯೫೦ರ ದಶಕದ ಹೊತ್ತಿಗೆ ವೈದ್ಯರಿಗೆ ತಿಳಿದುಬಂದಿತು.

ಈ ಮದ್ದಿನ ಜೊತೆಗಾರನಾಗಿ ಬಂದುದು ಕನ್ನಡನಾಡಿನ ಮನೆಗಳಿಗೆ ಚಿರಪರಿಚಿತವಾದ ಒಂದು ವಸ್ತು. ೧೯೪೮ರಲ್ಲಿ ಅಮೆರಿಕದ ಹಾರ್ಟನ್ ಮತ್ತು ಅವನ ಸಂಗಡಿಗರು ಅರ್ಗಟಮೀನಿನೊಡನೆ ಕಾಫಿಯ ಸತ್ತ್ವವಾದ ಕೆಫೀನನ್ನು ಬೆರೆಸಿ ಕೊಟ್ಟ ಫಲವನ್ನು ಪ್ರಕಟಿಸಿದರು. ಹೊಟ್ಟೆಯಿಂದ ಮದ್ದು ರಕ್ತಕ್ಕೆ ಸೇರುವುದನ್ನು ಕೆಫೀನ್ ಚುರುಕುಗೊಳಿಸುವುದು. ತಲೆನೋವಿಗೆ ಒಂದು ಲೋಟ ಗಟ್ಟಿ ಕಾಫಿ ಎಂಬ ಮನೆಮಾತಿನಲ್ಲಿ ಸತ್ಯವಿದ್ದಿತು. ನಿತ್ಯವೂ ಕುಡಿಯುವವರಿಗೆ ಒಂದು ಹೊತ್ತು ತಪ್ಪಿದರೆ ತಲೆ ಹಿಡಿಯುವುದೆಂಬ ಮಾತಿನಲ್ಲಿಯೂ ಅಷ್ಟೇ ಸತ್ಯವಿದ್ದಿತು. ಬಾಳೆಹೊನ್ನೂರಿನಲ್ಲಿ ಕಾಫಿಯ ಪ್ರಯೋಗಕ್ಷೇತ್ರವನ್ನು ೧೯೨೫ರಲ್ಲಿ ಆರಂಭಿಸಿದುದೂ ಕೋಲ್ಮನ್ ಅವರ ಕೃಷಿ ಇಲಾಖೆಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಭಾರತದಲ್ಲಿ ಅರ್ಗಟ್ ಇರಲಿಲ್ಲವೆ ಎಂದು ವಾಚಕರು ಕೇಳಬಹುದು. ಇದ್ದಿತು; ಆದರೆ ಅದು ಬೇರೆಯದು. ಜೋಳದ ತೆನೆಯಿಂದ ಜೇನಿನಂತೆ ಸಿಹಿಯಾದ ಅಂಟು ಒಸರುವ ರೋಗವನ್ನು ೧೯೧೭ರಲ್ಲಿಯೇ ಮೆಕ್ರೇ ಎಂಬ ಶಾಸ್ತ್ರಜ್ಞನು ದಕ್ಷಿಣ ಭಾರತದಲ್ಲಿ ವರ್ಣಿಸಿದ್ದನು. ಅದೂ ಅರ್ಗಟ್ಟಿನ ಕುಲದ್ದೇ ಎಂಬುದು ಅದರ ಪೂರ್ಣಾವಸ್ಥೆಯನ್ನು ಕಂಡುಹಿಡಿದ ಮೇಲೆ ಸ್ಥಿರವಾಯಿತು. ಕುಲಕರ್ಣಿ, ಶೇಷಾದ್ರಿ, ಹೆಗಡೆ ಎಂಬ ಮೂವರು ಕರ್ನಾಟಕದ ಸಸ್ಯರೋಗಶಾಸ್ತ್ರಜ್ಞರು ಅದನ್ನು ೧೯೭೬ರಲ್ಲಿ ಮೈಸೂರಿನ ಹೆಸರನ್ನೇ ಹೊತ್ತ ಕೃಷಿವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಜ್ಜೆಯ ಅರ್ಗಟ್ ಇನ್ನೂ ಉಗ್ರವಾದುದು. ೧೯೫೬ರಿಂದ ೧೯೫೮ರ ನಡುವೆ ಆಗಿನ ಮುಂಬಯಿ ಪ್ರಾಂತದಲ್ಲಿ ಅದು ಹಬ್ಬಿ, ಕೆಟ್ಟ ಸಜ್ಜೆಯ ರೊಟ್ಟಿ ತಿಂದವರು ವಾಂತಿ, ತಲೆಸುತ್ತು, ಮಂಪರುಗಳಿಂದ ಬಳಲಿದರು. ೧೯೭೫ರಲ್ಲಿ ರಾಜಸ್ಥಾನದಲ್ಲಿಯೂ ಹೀಗೆಯೇ ಆಯಿತು. ಆದರೆ ಇವರ ಕೈಕಾಲುಗಳು ಕೊಳೆಯಲಿಲ್ಲ. ಏಕೆಂದರೆ ಸಜ್ಜೆಯ ಅರ್ಗಟ್ಟಿನಲ್ಲಿರುವುದು ಅರ್ಗಟಮೀನ್ ಅಲ್ಲ, ಕ್ಲೇವೀನ್ ಎಂಬ ಬೇರೊಂದು ವರ್ಗದ ಸತ್ತ್ವಗಳು. ವಿಷವೂ ಭಿನ್ನವಾಯಿತು, ತಲೆನೋವಿನ ಮದ್ದೂ ಅದರಿಂದ ದೊರೆಯದಾಯಿತು. ಆದುದರಿಂದಲೇ, ಔಷಧಕ್ಕೆ ಬೇಕಾದ ಅರ್ಗಟ್ಟನ್ನು ಈ ದೇಶದಲ್ಲಿಯೇ ಬೆಳೆಯಬೇಕೆಂದಾಗ, ೧೯೪೦ರ ದಶಕದಲ್ಲಿ ಮದ್ರಾಸ್ ಪ್ರಾಂತದ ಶಾಸ್ತ್ರಜ್ಞರು ತಣ್ಣನೆಯ ನೀಲಗಿರಿಯಲ್ಲಿ ರೈ ಪೈರನ್ನೇ ಬಿತ್ತಿ, ಅದಕ್ಕೆ ಬೂಷ್ಟನ್ನು ಕೈಯಾರೆ ಹಚ್ಚಿ ಬೆಳೆಯಿಸಲು ತೊಡಗಿದರು. ಎಲ್ಲ ಕಡೆಯ ಕೃಷಿಕರು ಬೂಷ್ಟನ್ನು ಕೊಲ್ಲಲು ಹೆಣಗುತ್ತಿರುವಾಗ ಅಲ್ಲಿ ಮಾತ್ರ ಕಾಳಿಗಿಂತ ಬೂಷ್ಟಿಗೆ ಬೆಲೆ ಬಂದಿತು.

ಸಜ್ಜೆಯ ಕೇಡಿಗೆ ಕೃಷಿ ಇಲಾಖೆಗಳು ಹೇಳಿಕೊಟ್ಟ ಪ್ರತೀಕಾರವು ಮಂಡ್ಯದ ರೈತನಿಗೆ ಅಪರಿಚಿತವಾದುದಲ್ಲ. ಬತ್ತದ ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿಕಾಳನ್ನು ತೊಳೆದು ಬಿತ್ತುವಂತೆಯೇ, ನೂರಕ್ಕೆ ಇಪ್ಪತ್ತು ಪಾಲು ಉಪ್ಪು ಬೆರೆಸಿದ ನೀರಿಗೆ ಸಜ್ಜೆಯನ್ನು ಸುರಿದರೆ ಅರ್ಗಟ್ಟಿನ ಕೊಂಬುಗಳು ಹಗುರವಾದುದರಿಂದ ಮೇಲೆ ತೇಲುವುವು. ಒಂದು ಕೊಳಗ ಉಪ್ಪುನೀರು ಮಾಡುವ ಈ ವಿಂಗಡಣೆಯನ್ನೇ ರಸಾಯನಶಾಲೆಯು ಇನ್ನೂ ಸೂಕ್ಷ್ಮವಾಗಿ ಮಾಡಿತು: ಒಂದೇ ಕೊಂಬಿನೊಳಗೆ ಬೇಕಾದುದನ್ನೂ ಬೇಡವಾದುದನ್ನೂ ಬೇರೆಮಾಡಿತು.

ಮುಂದಿನ ಕಥೆ ಬೇಗನೆ ಸಾಗಿತು. ೧೯೪೩ರಲ್ಲಿ ಸ್ಟೋಲ್ ಮತ್ತು ಹಾಫ್‌ಮನ್ ಅವರು ಅರ್ಗಟಮೀನನ್ನು ಸ್ವಲ್ಪ ಮಾರ್ಪಡಿಸಿ ಕೈಕಾಲಿನ ನಾಳಗ ಳಿಗೆ ಸೌಮ್ಯವಾದ ಡೈಹೈಡ್ರೊಅರ್ಗಟಮೀನನ್ನು ಮಾಡಿದರು. ೧೯೫೯ರಲ್ಲಿ ಇಟಲಿಯ ಸಿಕುತೇರಿ ಎಂಬ ವೈದ್ಯನು ನೋವು ಬಾರದಂತೆ ಮೊದಲೇ ತಡೆಯುವ ಮೆಥಿಸರ್ಜೈಡನ್ನು ಪ್ರಚಾರಕ್ಕೆ ತಂದನು. ಹೊಟ್ಟೆಯ ಹಿಂಬದಿಯಲ್ಲಿ ನಾರು ಬೆಳೆಯುವ ದುಷ್ಫಲ ಅದರಿಂದ ಕಂಡುಬಂದುದರಿಂದ ಕಾಲಕ್ರಮದಲ್ಲಿ ಅದು ಹಿಂದೆ ಸರಿಯಿತು. ಹೃದಯದ ಔಷಧವಾದ ಪ್ರೊಪ್ರನೊಲಾಲ್ ಅರೆತಲೆನೋವನ್ನೂ ತಡೆಯುವುದೆಂಬುದು ೧೯೬೬ರಲ್ಲಿ ತಿಳಿಯಿತು. ಸಿರೊಟೋನಿನ್ ಎಂಬ ದೇಹದ್ರವ್ಯಕ್ಕೂ ಈ ನೋವಿಗೂ ಸಂಬಂಧವಿದೆಯೆಂಬ ಜಾಡನ್ನು ಹಿಡಿದು, ಇಂಗ್ಲೆಂಡಿನ ಗ್ಲಾಕ್ಸೊ ಕಂಪೆನಿಯ ಪ್ಯಾಟ್ರಿಕ್ ಹಂಫ್ರಿ ಮತ್ತು ಸಂಗಡಿಗರು ಸುಮಟ್ರಿಪ್ಟಾನನ್ನು ರೂಪಿಸಿದರು; ೧೯೯೧ರಲ್ಲಿ ಅದು ಬಳಕೆಗೆ ಬಂದಿತು. ಅರ್ಗಟ್ಟು ಹಲವು ಬೀಗಗಳಿಗೆ ತಗಲುವ ಒರಟು ಕೀಲಿಯಾದರೆ, ಇದು ಬೇಕಾದ ಬೀಗಗಳಿಗೆ ಮಾತ್ರ ಹೊಂದುವ ಕೀಲಿ. ಆದರೂ ಹೃದ್ರೋಗವುಳ್ಳವರಿಗೆ ಇದೂ ಸಲ್ಲದು. ಅರ್ಗಟಮೀನನ್ನು ತೆಗೆದುಕೊಂಡ ಒಂದು ಹಗಲಿರುಳಿನೊಳಗೆ ಇದನ್ನು ತೆಗೆದುಕೊಳ್ಳಬಾರದು. ನೋವಿಗೆ ರಕ್ತನಾಳದ ಹಿಗ್ಗುವಿಕೆಯೊಂದೇ ಕಾರಣವಲ್ಲ, ಮುಖದ ಮುಖ್ಯನರದ ತುದಿಗಳಿಂದ ಹೊರಡುವ ಸಿ.ಜಿ.ಆರ್.ಪಿ. ಎಂಬ ದ್ರವ್ಯಕ್ಕೆ ಅದರಲ್ಲಿ ದೊಡ್ಡ ಪಾತ್ರವಿದೆಯೆಂಬುದು ಆಮೇಲೆ ಗೊತ್ತಾಯಿತು. ಅದನ್ನು ತಡೆಯುವ ಚುಚ್ಚುಮದ್ದುಗಳು ೨೦೧೮ರಿಂದ ಬಳಕೆಗೆ ಬಂದಿರುವುವು. ಹೀಗೆ ಗ್ರಹಾಂ ಮತ್ತು ವುಲ್ಫ್ ಅವರ ಗೆರೆ ಸುಳ್ಳಾಗಲಿಲ್ಲ. ಆದರೆ ಅದು ಕಥೆಯ ಒಂದು ಪಾಲು ಮಾತ್ರವೆಂದಾಯಿತು.

ಇಂತಹ ಮದ್ದುಗಳು ಅಂಗಡಿಯ ಸಾಮಾನಿನಂತೆ ಮಾರಾಟವಾಗಬಾರದೆಂಬ ಕಟ್ಟಳೆ ಈ ಚರಿತ್ರೆಯಿಂದಲೇ ಅರ್ಥವಾಗುವುದು. ೧೯೪೦ರ ಔಷಧ ಶಾಸನವೂ ಅದರ ಅಡಿಯಲ್ಲಿ ೧೯೪೫ರಲ್ಲಿ ಬಂದ ನಿಯಮಗಳೂ ಭಾರತದಲ್ಲಿ ಔಷಧಗಳ ಶುದ್ಧಿಗೂ ಮಾರಾಟಕ್ಕೂ ಮೇರೆ ಹಾಕಿದುವು. ಡಬ್ಬಿಯ ಮೇಲಿನ ಕೆಂಪು ಗುರುತನ್ನು ಅನೇಕರು ಸರ್ಕಾರದ ಅನಗತ್ಯವಾದ ಉಪಚಾರವೆಂದು ಭಾವಿಸುವುದುಂಟು. ಸೂಲಗಿತ್ತಿಯ ಅಳತೆಯಿಲ್ಲದ ಪುಡಿ, ಹೋಸಕ್ ಕೊಟ್ಟ ಎಚ್ಚರಿಕೆ, ಆಂಟನಿಯ ಆಸ್ಪತ್ರೆಯ ಬಾಗಿಲಲ್ಲಿ ಕಾಲಿಲ್ಲದೆ ಕುಳಿತ ಬಡವ, ಇವರೆಲ್ಲರ ಅನುಭವವೂ ಆ ಒಂದು ಗುರುತಿನಲ್ಲಿ ಅಡಗಿರುವುದು. ವೈದ್ಯನ ಚೀಟಿಯೆಂದರೆ ಮದ್ದಿನ ಹೆಸರಷ್ಟೇ ಅಲ್ಲ. ಯಾರಿಗೆ, ಎಷ್ಟು, ಎಷ್ಟು ದಿನ, ಯಾವುದರೊಡನೆ ಕೂಡದು ಎಂಬ ನಿರ್ಣಯ.

ಈ ನಿರ್ಣಯ ಎಷ್ಟು ಮನೆಗಳಿಗೆ ಬೇಕಾಗಿದೆಯೆಂಬುದು ಕರ್ನಾಟಕದಲ್ಲಿಯೇ ನಡೆದ ಒಂದು ಪರಿಶೀಲನೆಯಿಂದ ತಿಳಿದುಬಂದಿದೆ. ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ೧೮ರಿಂದ ೬೫ ವರ್ಷದೊಳಗಿನ ೨,೩೨೯ ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ, ೨೦೧೫ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ೨೫.೨ ಮಂದಿಗೆ ಅರೆತಲೆನೋವು ಬಂದಿದ್ದಿತು. ಗಂಡಸರಿಗಿಂತ ಹೆಂಗಸರಲ್ಲಿ ಅದು ಬಹಳ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಓದುಬರಹದವರ, ಸುಖಜೀವಿಗಳ ವ್ಯಾಧಿಯೆಂಬ ಭಾವನೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಹೊತ್ತು ಮೀರಿದ ಊಟ, ನಿದ್ದೆಗೇಡು, ತಲೆಯ ಮೇಲಿನ ಬಿಸಿಲು, ಉಪವಾಸ ಇವು ನೋವನ್ನು ಕೆರಳಿಸತಕ್ಕವು. ನಾಟಿಯ ಕಾಲದಲ್ಲಿ ಬೆಳಗಾಗುವ ಮುನ್ನ ಎದ್ದು, ಎಲ್ಲರಿಗೂ ಬಡಿಸಿ, ಗದ್ದೆಗೆ ಇಳಿಯುವ ಹೆಂಗಸಿನ ದಿನದಲ್ಲಿ ಈ ನಾಲ್ಕೂ ಸೇರಿರುವುವು. ಅವಳು ಒಂದು ದಿನ ಕತ್ತಲೆಯ ಕೋಣೆಯಲ್ಲಿ ಮಲಗಿದರೆ ಅದಕ್ಕೆ ಮೈಗಳ್ಳತನವೆಂಬ ಹೆಸರು ಬರುವುದೂ ಉಂಟು. ಇಲ್ಲವೆ, ಕೇಳಿದೊಡನೆ ದೊರೆಯುವ ನೋವಿನ ಗುಳಿಗೆಯನ್ನು ದಿನವೂ ನುಂಗಿ, ತಿಂಗಳಿಗೊಮ್ಮೆ ಬರುತ್ತಿದ್ದ ನೋವನ್ನು ನಿತ್ಯದ್ದನ್ನಾಗಿ ಮಾಡಿಕೊಳ್ಳುವುದೂ ಉಂಟು. ಸಾಮಾನ್ಯ ನೋವಿನ ಗುಳಿಗೆ ತಿಂಗಳಿಗೆ ಹದಿನೈದು ದಿನ, ಅರ್ಗಟಮೀನ್ ಅಥವಾ ಸುಮಟ್ರಿಪ್ಟಾನ್ ಹತ್ತು ದಿನ ಮುಟ್ಟಿ, ತಿಂಗಳುಗಟ್ಟಲೆ ಹಾಗೆಯೇ ನಡೆದರೆ ಈ ಅಪಾಯವುಂಟೆಂದು ವೈದ್ಯರು ಎಣಿಸುವರು.

ವಿ.ಸಿ. ಫಾರಂನಂತಹ ಪ್ರಯೋಗಕ್ಷೇತ್ರದಲ್ಲಿ ಪ್ರತಿಯೊಂದು ತಾಕಿಗೂ ಒಂದು ಪುಸ್ತಕವಿರುವುದು. ಬಿತ್ತಿದ ದಿನ, ನೀರು ಕಟ್ಟಿದ ದಿನ, ರೋಗ ಕಂಡ ದಿನ, ಹಾಕಿದ ಮದ್ದಿನ ತೂಕ, ಬಂದ ಕಾಳಿನ ತೂಕ ಎಲ್ಲವೂ ಅದರಲ್ಲಿ ಬರೆಯಲ್ಪಡುವುವು. ಬರೆಯದ ತಾಕಿನ ವಿಷಯದಲ್ಲಿ ಯಾರೂ ತೀರ್ಮಾನ ಹೇಳರು. ಅರೆತಲೆನೋವಿನವರಿಗೂ ಇಂದಿನ ವೈದ್ಯರು ಮೊದಲು ಹೇಳುವುದು ಇಂತಹುದೇ ಒಂದು ಪುಸ್ತಕವನ್ನು ಇಡುವಂತೆ: ನೋವು ಬಂದ ದಿನ, ಹೊತ್ತು, ಅದರ ಹಿಂದಿನ ದಿನದ ಊಟ ನಿದ್ದೆ, ನುಂಗಿದ ಗುಳಿಗೆ, ನೋವು ಇಳಿದ ಹೊತ್ತು. ಮೂರು ತಿಂಗಳು ಹೀಗೆ ಬರೆದ ಹಾಳೆಯನ್ನು ನೋಡಿದ ವೈದ್ಯನ ಚೀಟಿಗೂ, ಬರಿಯ ಮಾತನ್ನು ಕೇಳಿ ಬರೆದ ಚೀಟಿಗೂ ಬಹಳ ಅಂತರವುಂಟು. ಮದ್ದೂರಿನ ಅಥವಾ ಮಳವಳ್ಳಿಯ ಯಾವುದೊಂದು ಮನೆಯಲ್ಲಿಯಾಗಲಿ, ಅಂತಹ ಹಾಳೆಯೊಂದನ್ನು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಲು ಖರ್ಚೇನೂ ಇಲ್ಲ. ಅದರಲ್ಲಿ ಮೊದಲ ಗೆರೆಯನ್ನು ಬರೆದಂದೇ ಆ ಮನೆಯವರು ನೋವು ಪಡುವವರ ಮಾತನ್ನು ನಂಬಿದಂತಾಗುವುದು.